ಗಾಲಿಯ ಸಂದಿಯಲ್ಲೊಂದು ಕುಸುರಿ

ಹೆಗಡೆಕಟ್ಟಾದಂಥ ಊರಿಗೆ ಸ್ಪೋರ್ಟ್ಸ್ ಕಾರು ಬರುವುದು ಅಪರೂಪ. ಹಬ್ಬಕ್ಕೆಂದು ಬೆಂಗಳೂರಿನಿಂದ ಯಾರಾದರೂ ತಂದರೂ, ತೋಟದ ಮನೆಯ ಇಳಿಜಾರಿನಲ್ಲಿ ಅದರ ಹೊಟ್ಟೆ ನೆಲಕ್ಕೆ ತಾಗೀತೆಂಬ ಚಿಂತೆಯೇ ಜಾಸ್ತಿ. ಆದರೆ ಅಂಥ ಕಾರಿನ ಗಾಲಿಯ ಸಂದಿಯಲ್ಲಿ ಕೆಂಪಗೋ ಹಳದಿಯಾಗಿಯೋ ಹೊಳೆಯುವ ಬ್ರೇಕ್ ಕ್ಯಾಲಿಪರ್ ಇದೆಯಲ್ಲ, ಅದರ ಬಡ ದಾಯಾದಿ ಇಲ್ಲಿನ ಹಳೆಯ ಮಾರುತಿ 800ರ ಮುಂದಿನ ಗಾಲಿಯಲ್ಲೂ ಕೂತಿದೆ. ಸವೆದ ಕ್ಯಾಲಿಪರನ್ನು ಬಿಚ್ಚಿ, ತೊಳೆದು, ಮತ್ತೆ ಹೊಸದರಂತೆ ಮಾಡುವ ಕೆಲಸ ಎರಡಕ್ಕೂ ಹೆಚ್ಚುಕಡಿಮೆ ಒಂದೇ.

ಗಾಲಿಯ ಜೊತೆ ತಿರುಗುವ ಡಿಸ್ಕನ್ನು ಕ್ಯಾಲಿಪರಿನ ಪಿಸ್ಟನ್ ಪ್ಯಾಡುಗಳಿಂದ ಅದುಮಿ ನಿಲ್ಲಿಸುವುದೇ ಡಿಸ್ಕ್ ಬ್ರೇಕು. ಅದಕ್ಕೆ ಇಂಗ್ಲೆಂಡಿನ ಫ್ರೆಡರಿಕ್ ಲ್ಯಾಂಚೆಸ್ಟರ್ ಪೇಟೆಂಟ್ ಪಡೆದದ್ದು 1902ರಲ್ಲಿ. ಅದು ಹೆಸರು ಮಾಡಿದ್ದು ಮಾತ್ರ 1953ರಲ್ಲಿ, ಡನ್‌ಲಪ್ ಡಿಸ್ಕುಗಳಿದ್ದ ಜಾಗ್ವಾರ್ ಕಾರು ಫ್ರಾನ್ಸಿನ ಲ ಮಾನ್ 24 ಗಂಟೆಗಳ ರೇಸ್ ಗೆದ್ದಾಗ. ಮೂವತ್ತು ವರ್ಷಗಳ ನಂತರ, 1983ರ ಡಿಸೆಂಬರಿನಲ್ಲಿ ರಸ್ತೆಗಿಳಿದ ಮಾರುತಿಯ ಮುಂದಿನ ಗಾಲಿಗಳಲ್ಲಿ ಅದೇ ಉಪಾಯ ನಮ್ಮ ಮಧ್ಯಮ ವರ್ಗದ ಮನೆಗಳಿಗೂ ಬಂತು. ಮಾರುತಿಯದು ಒಂದೇ ಪಿಸ್ಟನ್ನಿನ ಬೀಡುಕಬ್ಬಿಣದ ಕ್ಯಾಲಿಪರ್. ದುಬಾರಿ ಕಾರಿನದು ಸಾಮಾನ್ಯವಾಗಿ ಅಲ್ಯುಮಿನಿಯಮ್ಮಿನದು, ಡಿಸ್ಕಿನ ಎರಡೂ ಮಗ್ಗುಲಿಗೆ ಸೇರಿ ನಾಲ್ಕೋ ಆರೋ ಪಿಸ್ಟನ್.

ನಮ್ಮ ಕಡೆ ಕ್ಯಾಲಿಪರಿಗೆ ಎರಡು ಕಾಟ. ಮಳೆಗಾಲದ ಕೆಂಪು ರಾಡಿ ಒಂದು, ಘಟ್ಟ ಇನ್ನೊಂದು. ಸಾವಿರ ಕಿಲೋ ತೂಕದ ಕಾರು 500 ಮೀಟರ್ ಕೆಳಗಿಳಿದರೆ ಬಿಡುಗಡೆಯಾಗುವ ಶಕ್ತಿಗೆ ಸುಮಾರು 15 ಲೀಟರ್ ತಣ್ಣೀರನ್ನು ಕುದಿಸುವ ತಾಕತ್ತಿದೆ. ದೇವಿಮನೆ ಘಟ್ಟದಲ್ಲೋ ಅರಬೈಲ್ ಘಟ್ಟದಲ್ಲೋ ಗೇರಿನಲ್ಲಿ ಹಿಡಿದು ಇಳಿಸುವವರು ಅದರಲ್ಲಿ ಒಂದು ಪಾಲನ್ನು ಇಂಜಿನ್ನಿಗೆ ಹೊರಿಸುತ್ತಾರೆ. ಉಳಿದದ್ದು ಬಹುಪಾಲು ಬ್ರೇಕಿನ ಪಾಲು. ಬ್ರೇಕ್ ಆಯಿಲ್ ಬೇರೆ ಗಾಳಿಯ ತೇವ ಹೀರುವ ಜಾತಿಯದು. ಹೊಸ ಡಾಟ್ 4 ಆಯಿಲ್ ಕನಿಷ್ಠ 230 ಡಿಗ್ರಿವರೆಗೆ ಕುದಿಯಬಾರದೆಂಬುದು ನಿಯಮ, ಶೇಕಡಾ 3.7ರಷ್ಟು ನೀರು ಸೇರಿದ ಮೇಲೆ ಈ ಮಿತಿ 155ಕ್ಕೆ ಇಳಿಯುತ್ತದೆ.

ಬಲ್ಲ ಮೆಕ್ಯಾನಿಕ್ ಬಣ್ಣದ ಡಬ್ಬಿಯನ್ನು ಮೊದಲು ಮುಟ್ಟುವುದಿಲ್ಲ. “ಹೆಗಡೇರೆ, ಬಣ್ಣದ ಮಾತು ಆಮೇಲೆ, ಮೊದಲು ಪಿಸ್ಟನ್ ಹೊರಗೆ ಬರಲಿ” ಎನ್ನುವವನನ್ನು ನಂಬಬಹುದು. ಗಾಲಿ ಕಳಚಿ, ಕ್ಯಾಲಿಪರಿನ ಬೋಲ್ಟ್ ಬಿಚ್ಚಿದ ಮೇಲೆ ಅದನ್ನು ಪೈಪಿನಲ್ಲಿ ಜೋತಾಡಲು ಬಿಡದೆ ತಂತಿಯಲ್ಲಿ ಕಟ್ಟಿಡುತ್ತಾನೆ. ಪಿಸ್ಟನ್ ಹೊರತೆಗೆಯಲು ಕಂಪ್ರೆಸರ್ ಗಾಳಿ ಬಿಡುವವರಿದ್ದಾರೆ. ಎದುರಿಗೆ ಮರದ ತುಂಡು ಇಡದಿದ್ದರೆ ಚಿಮ್ಮಿ ಬಂದ ಪಿಸ್ಟನ್ ಬೆರಳು ಜಜ್ಜುತ್ತದೆ. ಜಾಣನಾದವನು ಪೈಪ್ ಬಿಚ್ಚುವ ಮೊದಲೇ ಬ್ರೇಕ್ ಪೆಡಲನ್ನು ಮೆಲ್ಲಗೆ ತುಳಿಸುತ್ತಾನೆ. ಕಾರೇ ತನ್ನ ಪಿಸ್ಟನ್ನನ್ನು ಹೊರಗೆ ದಬ್ಬಿ ಕೊಡುತ್ತದೆ.

ಈಗ ಕಾಣುವುದು ನನಗೆ ಈ ಇಡೀ ಯಂತ್ರದಲ್ಲೇ ಅತ್ಯಂತ ಇಷ್ಟವಾದ ಭಾಗ. ಪಿಸ್ಟನ್ ಕೂರುವ ಗುಳಿಯ ಒಳಗೋಡೆಯಲ್ಲೊಂದು ಕಿರಿದಾದ ತೋಡು, ಅದರೊಳಗೆ ಚೌಕ ಅಂಚಿನ ರಬ್ಬರ್ ಸೀಲ್. ಬ್ರೇಕ್ ಒತ್ತಿದಾಗ ಪಿಸ್ಟನ್ ಮುಂದೆ ಸರಿಯುತ್ತದೆ, ಅದನ್ನು ತಬ್ಬಿದ ಸೀಲ್ ಕೊಂಚ ತಿರುಚಿಕೊಳ್ಳುತ್ತದೆ. ಕಾಲು ತೆಗೆದರೆ ಸೀಲ್ ಮೊದಲಿನ ಆಕಾರಕ್ಕೆ ಮರಳುತ್ತ ಪಿಸ್ಟನ್ನನ್ನು ಕೂದಲೆಳೆಯಷ್ಟು ಹಿಂದಕ್ಕೆಳೆಯುತ್ತದೆ. ಬೇರೆ ಸ್ಪ್ರಿಂಗ್ ಇಲ್ಲ. ಆ ತೋಡಿನಲ್ಲಿ ತುಕ್ಕೋ ಅಲ್ಯುಮಿನಿಯಮ್ಮಿನ ಬಿಳಿ ಪುಡಿಯೋ ಕಟ್ಟಿದರೆ ಸೀಲ್ ಬಿಗಿಯಾಗಿ ಪಿಸ್ಟನ್ ಹಿಂದೆ ಸರಿಯದೆ ನಿಂತುಬಿಡುತ್ತದೆ. ಪ್ಯಾಡ್ ಉಜ್ಜುತ್ತಲೇ ಇರುತ್ತದೆ, ಗಾಲಿ ಕಾಯುತ್ತದೆ, ಪೆಟ್ರೋಲೂ ಹೆಚ್ಚು ಕುಡಿಯುತ್ತದೆ.

ಹಾಗಾಗಿ ಕೆಲಸದ ಮುಕ್ಕಾಲು ಪಾಲು ತಾಳ್ಮೆ ಖರ್ಚಾಗುವುದು ಹೊರಗಿನವರಿಗೆ ಎಂದೂ ಕಾಣದ ಆ ತೋಡಿನಲ್ಲಿ. ಗೀರು ಬೀಳದಂತೆ ಮೆತ್ತಗಿನ ಕಡ್ಡಿಯಿಂದ ಕೆರೆದು, ಒರೆಸಿ, ಬೆಳಕಿಗೆ ಹಿಡಿದು ನೋಡಿ, ಮತ್ತೆ ಕೆರೆಯಬೇಕು. ಸೀಲ್ ಕೂರುವುದು ಗುಳಿಯಲ್ಲಾದ್ದರಿಂದ ಅದು ಉಜ್ಜುವುದು ಪಿಸ್ಟನ್ನಿನ ಮೈಗೆ. ಆ ಮೈಯಲ್ಲಿ ತುಕ್ಕಿನ ಚುಕ್ಕೆ ಬಿದ್ದು ಕ್ರೋಮ್ ಎದ್ದಿದ್ದರೆ ಎಮರಿ ಕಾಗದದಲ್ಲಿ ಉಜ್ಜಿ ಒಪ್ಪ ಮಾಡುವುದು ದಂಡ, ಪಿಸ್ಟನ್ನೇ ಬದಲಾಗಬೇಕು. ಸೀಲು, ಧೂಳು ತಡೆಯುವ ರಬ್ಬರ್ ಬೂಟು ಹೊಸವೇ ಆಗಬೇಕು. ಜೋಡಿಸುವಾಗ ಕೈಗೆ ಸಿಕ್ಕ ಗ್ರೀಸ್ ಸವರುವಂತಿಲ್ಲ. ಪೆಟ್ರೋಲಿಯಂ ಗ್ರೀಸಿಗೆ ಈ ರಬ್ಬರ್ ಊದಿಕೊಳ್ಳುತ್ತದೆ. ಸೀಲಿಗೆ ಹೊಸ ಬ್ರೇಕ್ ಆಯಿಲ್, ಜಾರುವ ಪಿನ್ನುಗಳಿಗೆ ಸಿಲಿಕೋನ್ ಗ್ರೀಸ್.

ಬಣ್ಣದ ಸರದಿ ಇನ್ನು. ಬೀಡುಕಬ್ಬಿಣಕ್ಕೆ ಉಕ್ಕಿನ ತಂತಿ ಬ್ರಷ್ ನಡೆಯುತ್ತದೆ, ಅಲ್ಯುಮಿನಿಯಮ್ಮಿಗೆ ನೈಲಾನಿನದೇ ಕ್ಷೇಮ. ಎಣ್ಣೆಯ ಪಸೆ ಉಳಿದರೆ ಬಣ್ಣ ಹೊಪ್ಪಳಿಕೆ ಏಳುತ್ತದೆ. ಬ್ರೇಕ್ ಆಯಿಲ್ ತಾಗಿದರಂತೂ ಎಷ್ಟೋ ಬಣ್ಣಗಳು ಕಿತ್ತೇ ಬರುತ್ತವೆ. ಜಡಿಮಳೆಯ ದಿನಗಳಲ್ಲಿ ಸ್ಪ್ರೇ ಹೊಡೆದರೆ ತೇವಕ್ಕೆ ಮೇಲ್ಮೈ ಮಂಕಾಗುತ್ತದೆ. ಆದ್ದರಿಂದ ಅಡಿಕೆ ಒಣಗುವ ಕಾಲವೇ ಇದಕ್ಕೂ ಸರಿ. ಶಾಖ ತಾಳುವ ಬಣ್ಣವನ್ನು ಒಂದೇ ಸಲ ದಪ್ಪಗೆ ಬಳಿಯದೆ ತೆಳುವಾಗಿ ಪದರ ಪದರವಾಗಿ ಹೊಡೆಯಬೇಕು. ನಿಜವಾದ ಜಾಣ್ಮೆ ಇರುವುದು ಎಲ್ಲಿ ಹೊಡೆಯಬಾರದು ಎಂಬುದರಲ್ಲಿ. ಬೋಲ್ಟ್ ಕೂರುವ ಜಾಗ, ಪ್ಯಾಡ್ ಜಾರುವ ಅಂಚು, ಪಿನ್ನಿನ ತೂತು, ಇವನ್ನೆಲ್ಲ ಟೇಪ್ ಸುತ್ತಿ ಮುಚ್ಚಬೇಕು. ಬೋಲ್ಟಿನಡಿ ಬಣ್ಣ ಉಳಿದರೆ ಅದು ಮುಂದೆ ಅದುಮಿಕೊಂಡು ಬಿಗಿ ಸಡಿಲಾಗುತ್ತದೆ. ಮಾರುತಿಗೆ ಕೆಂಪು ಬಳಿದು ಬ್ರೇಕ್ ಜೋರಾಯಿತು ಎನ್ನುವ ಹುಡುಗರಿಗೆ ಏನು ಹೇಳುವುದು? ಪೋರ್ಶೆಯಲ್ಲಿ ಹಳದಿ ಕ್ಯಾಲಿಪರ್ ಸಿರಾಮಿಕ್ ಡಿಸ್ಕಿನ ಗುರುತು, ಆದರೆ ಡಬ್ಬಿಯ ಬಣ್ಣಕ್ಕೆ ಆ ಶಕ್ತಿ ಇಲ್ಲ.

ಕೊನೆಗೆ ಪೈಪಿಗೆ ಹೊಸ ತಾಮ್ರದ ವಾಷರ್, ಬೋಲ್ಟುಗಳಿಗೆ ಹೇಳಿದಷ್ಟೇ ಬಿಗಿ, ಗುಳ್ಳೆ ನಿಲ್ಲುವವರೆಗೆ ಏರ್ ತೆಗೆಯುವುದು. ಪೆಡಲ್ ಗಟ್ಟಿಯಾದ ಮೇಲೆ ಮೆಕ್ಯಾನಿಕ್ ಸಮತಟ್ಟಾದ ರಸ್ತೆಯಲ್ಲಿ ಒಂದು ಸುತ್ತು ಹೋಗಿ ಬಂದು, ಎಡ ಬಲ ಮುಂಗಾಲಿಗಳ ಬಳಿ ಅಂಗೈ ಚಾಚಿ ಶಾಖ ನೋಡುತ್ತಾನೆ. ಒಂದು ಹೆಚ್ಚು ಕಾದಿದ್ದರೆ ಆ ಬದಿಯ ಪಿಸ್ಟನ್ ಇನ್ನೂ ಹಿಡಿಯುತ್ತಿದೆಯೆಂದು ಗುಮಾನಿ. ಗಾಲಿ ಮತ್ತೆ ಕಳಚಬೇಕು. ಎರಡೂ ಸಮ ಇದ್ದರೆ ಘಟ್ಟಕ್ಕೆ ಬಿಡಬಹುದು.