ಕದ ತಟ್ಟುವ ಮೊದಲು ಮನೆ ನೋಡಬೇಕು

ದೇಶ ಸುತ್ತಬೇಕು, ಇಲ್ಲವೇ ಕೋಶ ಓದಬೇಕು ಎಂಬುದು ಹಿರಿಯರ ಮಾತು. ಆದರೆ ಎಲ್ಲಿ ಕೂತು ಕೋಶ ಓದಬೇಕು ಎಂದು ತಿಳಿಯುವುದಕ್ಕೂ ಮೊದಲು ಒಂದಿಷ್ಟು ದೇಶ ಸುತ್ತಬೇಕಾಗುತ್ತದೆ. ಇಂಗ್ಲೆಂಡಿನಲ್ಲಿ ಇದೊಂದು ರೂಢಿಯಾಗಿದೆ. ಅಲ್ಲಿ ಶಾಲೆಯ ಕೊನೆಯ ಎರಡು ವರ್ಷಗಳಿಗೆ ಸಿಕ್ಸ್ತ್ ಫಾರ್ಮ್ ಎಂದು ಹೆಸರು. ಹೆಚ್ಚುಕಡಿಮೆ ನಮ್ಮ ಪಿಯುಸಿ ಇದ್ದಂತೆ. ಮೊದಲ ವರ್ಷ ಮುಗಿಯುವ ಬೇಸಿಗೆಯಲ್ಲಿ ವಿದ್ಯಾರ್ಥಿಗಳು ವಿಶ್ವವಿದ್ಯಾಲಯಗಳನ್ನು ನೋಡಲು ಹೊರಡುತ್ತಾರೆ. ಆಕ್ಸ್‌ಫರ್ಡ್, ಕೇಂಬ್ರಿಜ್‌ಗಳು ವರ್ಷದಲ್ಲಿ ಕೆಲವು ದಿನ ಇದಕ್ಕೆಂದೇ ಬಾಗಿಲು ತೆರೆದಿಡುತ್ತವೆ. ಬಂದವರು ತರಗತಿ, ಗ್ರಂಥಾಲಯ, ಊಟದ ಮನೆ, ಇರುವ ಕೋಣೆ ಎಲ್ಲವನ್ನೂ ನೋಡಬಹುದು. ಈಗಾಗಲೇ ಓದುತ್ತಿರುವವರನ್ನು ಮಾತನಾಡಿಸಬಹುದು. ಅರ್ಜಿ ಹಾಕಲು ಅಕ್ಟೋಬರ್ ಮಧ್ಯದವರೆಗೆ ಅವಕಾಶವಿರುತ್ತದೆ.

ಇದರ ಪ್ರಯೋಜನ ಬರೀ ಮಾಹಿತಿಯಲ್ಲ. ಮಾಹಿತಿ ಪುಸ್ತಕದಲ್ಲೂ ಸಿಗುತ್ತದೆ. ದೊಡ್ಡ ಹೆಸರಿನ ವಿದ್ಯಾಲಯವೊಂದು ದೂರದಿಂದ ಕೋಟೆಯಂತೆ ಕಾಣುತ್ತದೆ. ಒಳಗೆ ನಡೆದಾಡಿ ಬಂದ ಮೇಲೆ ಅದು ನಾಲ್ಕು ಜನ ಓದುವ ಜಾಗವಾಗಿ ಕಾಣುತ್ತದೆ. ‘ಇದು ನಮ್ಮಂಥವರಿಗಲ್ಲ’ ಎಂಬ ಅಳುಕು ಅಲ್ಲಿನ ಬಡಮಕ್ಕಳಿಗೂ ಇದೆ. ಅದನ್ನು ಕಂಡೇ ಪೀಟರ್ ಲ್ಯಾಂಪ್ಲ್ ಎಂಬವರು ಸಟ್ಟನ್ ಟ್ರಸ್ಟ್ ಕಟ್ಟಿ, 1997ರಲ್ಲಿ ಆಕ್ಸ್‌ಫರ್ಡ್‌ನಲ್ಲಿ ಸರ್ಕಾರಿ ಶಾಲೆಯ ಮಕ್ಕಳಿಗಾಗಿ ಬೇಸಿಗೆ ಶಿಬಿರ ಆರಂಭಿಸಿದರು. ಕೆಲವು ದಿನ ಅಲ್ಲೇ ಉಂಡು, ಮಲಗಿ, ಪಾಠ ಕೇಳಿದರೆ ಅಳುಕು ಕರಗುತ್ತದೆ ಎಂಬುದು ಅದರ ಹಿಂದಿನ ನಂಬಿಕೆ.

ಇನ್ನು ನಮ್ಮ ಕಡೆಗೆ ಬರೋಣ. ಕುಷ್ಟಗಿಯಲ್ಲೋ ಯಲಬುರ್ಗಾದಲ್ಲೋ ಸಿಇಟಿ ಬರೆದ ಹುಡುಗಿ ಕಂಪ್ಯೂಟರ್ ಅಂಗಡಿಯಲ್ಲಿ ಕೂತು ಕಾಲೇಜುಗಳ ಪಟ್ಟಿಯಿಂದ ‘ಆಪ್ಷನ್’ ಹಾಕುತ್ತಾಳೆ. ಪಟ್ಟಿಯಲ್ಲಿರುವುದು ಕಾಲೇಜಿನ ಹೆಸರು, ಕೋಡು, ಶುಲ್ಕ. ಆ ಕಾಲೇಜನ್ನು ಅವಳು ಮೊದಲು ಕಾಣುವುದು ಸಾಮಾನ್ಯವಾಗಿ ಸೀಟು ಸಿಕ್ಕ ಮೇಲೆ, ಅಪ್ಪನ ಜೊತೆ ಟ್ರಂಕು ಹೊತ್ತುಕೊಂಡು ಹೋದ ದಿನ. ನಾಲ್ಕು ವರ್ಷ ಕಳೆಯಬೇಕಾದ ಜಾಗವನ್ನು ಕಣ್ಣಿಂದ ನೋಡದೆ ಒಪ್ಪಿಕೊಂಡಿರುತ್ತಾಳೆ. ಕನ್ಯೆ ನೋಡುವ ಶಾಸ್ತ್ರಕ್ಕೆ ನಾಲ್ಕು ಊರು ತಿರುಗುವ ಮನೆತನಗಳಿಗೆ ಇದು ವಿಚಿತ್ರವಾಗಿ ಕಾಣುವುದಿಲ್ಲ.

ಇದಕ್ಕೆ ಬಡತನವೊಂದೇ ಕಾರಣವಲ್ಲ, ಈ ನೆಲದ ಚರಿತ್ರೆಯೂ ಕಾರಣ. 1948ರವರೆಗೆ ಈ ನಾಲ್ಕೂ ತಾಲ್ಲೂಕುಗಳು ಹೈದರಾಬಾದ್ ಸಂಸ್ಥಾನದಲ್ಲಿದ್ದವು. ಕೊಪ್ಪಳ, ಯಲಬುರ್ಗಾ ಸಾಲಾರ್ ಜಂಗ್ ಮನೆತನದ ಜಹಗೀರು. ಸಂಸ್ಥಾನದ ವಿಶ್ವವಿದ್ಯಾಲಯವೆಂದರೆ 1918ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ. ದೇಶಭಾಷೆಯೊಂದರಲ್ಲಿ ಉನ್ನತ ಶಿಕ್ಷಣ ಕೊಟ್ಟ ದೊಡ್ಡ ಪ್ರಯೋಗವೆಂಬ ಕೀರ್ತಿ ಅದಕ್ಕಿದೆ. ಆದರೆ ಆ ಭಾಷೆ ಉರ್ದು. ಕನ್ನಡ ಮಾತನಾಡುವ ಹಳ್ಳಿಯ ಹುಡುಗನಿಗೆ ಹೈದರಾಬಾದಿನ ದಾರಿಗಿಂತ ಆ ಭಾಷೆಯ ದಾರಿಯೇ ಉದ್ದವಾಗಿತ್ತು.

1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾದ ಮೇಲೆ ಈ ಭಾಗ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ವ್ಯಾಪ್ತಿಗೆ ಬಂತು. ಆಗ ಅಲ್ಲಿ ಕುಲಪತಿಯಾಗಿದ್ದವರು ಡಿ.ಸಿ. ಪಾವಟೆ. ಸ್ವತಃ ಕೇಂಬ್ರಿಜ್‌ನಲ್ಲಿ ಗಣಿತ ಓದಿ ರ‍್ಯಾಂಗ್ಲರ್ ಎನಿಸಿದ್ದವರು. ಕೊಪ್ಪಳದಲ್ಲಿ ರೈಲು ಹತ್ತಿದರೆ ಗದಗ, ಹುಬ್ಬಳ್ಳಿ ದಾಟಿ ನೇರ ಧಾರವಾಡ. 1980ರಲ್ಲಿ ಗುಲ್ಬರ್ಗ ವಿಶ್ವವಿದ್ಯಾಲಯ ಹುಟ್ಟಿತು. ಹೈದರಾಬಾದ್ ಕರ್ನಾಟಕಕ್ಕೆ ತನ್ನದೇ ವಿಶ್ವವಿದ್ಯಾಲಯ ಬಂದದ್ದು ದೊಡ್ಡ ಸಂಗತಿಯೇ. ಆದರೆ ಕೊಪ್ಪಳದವರಿಗೆ ವಿಶ್ವವಿದ್ಯಾಲಯ ಧಾರವಾಡಕ್ಕಿಂತ ದೂರ ಸರಿಯಿತು. 2010ರಲ್ಲಿ ಅದು ಬಳ್ಳಾರಿಗೆ ಬಂತು. 2023ರಲ್ಲಿ ಕೊಪ್ಪಳ ವಿಶ್ವವಿದ್ಯಾಲಯ ಆರಂಭವಾಗಿ ಜಿಲ್ಲೆಯೊಳಗೇ, ಕುಕನೂರು ಸಮೀಪದ ತಳಕಲ್ಲಿಗೆ ಬಂತು.

ಹೀಗೆ ಹೈದರಾಬಾದ್, ಧಾರವಾಡ, ಗುಲ್ಬರ್ಗ, ಬಳ್ಳಾರಿ ಎಂದು ವಿಶ್ವವಿದ್ಯಾಲಯದ ವಿಳಾಸ ಬದಲಾಗುತ್ತಲೇ ಹೋಯಿತು. ಇಲ್ಲಿನ ಪದವಿ ಕಾಲೇಜುಗಳಲ್ಲಿ ಓದಿದವರಿಗೆ ವಿಶ್ವವಿದ್ಯಾಲಯವೆಂದರೆ ಹಾಲ್ ಟಿಕೆಟ್ ಮತ್ತು ಅಂಕಪಟ್ಟಿಯ ಮೇಲಿನ ಮೊಹರು. ಅದೊಂದು ಹೋಗಿ ನೋಡುವ ಜಾಗ ಎಂಬ ಕಲ್ಪನೆ ಬೆಳೆಯಲು ಎಡೆಯೇ ಸಿಗಲಿಲ್ಲ.

ಸಂವಿಧಾನದ 371ಜೆ ವಿಧಿಯ ಮಹತ್ವ ಮತ್ತು ಮಿತಿ ಎರಡೂ ಇಲ್ಲಿ ಅರ್ಥವಾಗುತ್ತವೆ. 2012ರ ಡಿಸೆಂಬರ್‌ನಲ್ಲಿ ಸಂಸತ್ತು ತಿದ್ದುಪಡಿಗೆ ಒಪ್ಪಿದ ಮೇಲೆ, 2013ರಲ್ಲಿ ಪ್ರವೇಶದ ಮೀಸಲಾತಿ ಜಾರಿಗೆ ಬಂತು. ಈ ಭಾಗದ ವಿದ್ಯಾಸಂಸ್ಥೆಗಳಲ್ಲಿ ಸ್ಥಳೀಯರಿಗೆ ಶೇ 70, ರಾಜ್ಯದ ಉಳಿದೆಡೆಯ ರಾಜ್ಯಮಟ್ಟದ ಸಂಸ್ಥೆಗಳಲ್ಲಿ ಶೇ 8ರಷ್ಟು ಸೀಟು. ಎಷ್ಟೋ ಮನೆಗಳಲ್ಲಿ ಮೊದಲ ವೈದ್ಯ, ಮೊದಲ ಎಂಜಿನಿಯರ್ ಹುಟ್ಟಲು ಇದು ದಾರಿ ಮಾಡಿದೆ. ಆದರೆ ಕಾನೂನು ಸೀಟನ್ನು ಕಾಯ್ದಿರಿಸಬಲ್ಲದು, ಆ ಸೀಟನ್ನು ಕೇಳುವ ಧೈರ್ಯವನ್ನಲ್ಲ. ಅದೂ ಅಲ್ಲದೆ ಕೇಂದ್ರದ ಸಂಸ್ಥೆಗಳಿಗೆ ಈ ಮೀಸಲಾತಿ ಅನ್ವಯಿಸುವುದಿಲ್ಲ. ಅಲ್ಲಿಗೆ ಹೋಗಬೇಕೆಂಬ ಆಸೆ ಮೊದಲು ಮನಸ್ಸಿನಲ್ಲೇ ಮೊಳೆಯಬೇಕು.

ಆಸೆ ಮೊಳೆಯಿಸುವ ಜಾಗಗಳು ತೀರಾ ದೂರವೇನೂ ಇಲ್ಲ. ಬೆಂಗಳೂರಿನಲ್ಲಿ 1909ರಲ್ಲಿ ಸ್ಥಾಪನೆಯಾದ ಭಾರತೀಯ ವಿಜ್ಞಾನ ಸಂಸ್ಥೆಯನ್ನು ಜನ ಇಂದಿಗೂ ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಕರೆಯುತ್ತಾರೆ. ಒಂದು ಶತಮಾನದವರೆಗೆ ಅದು ಮುಖ್ಯವಾಗಿ ಸಂಶೋಧನೆಯ, ಮೇಲಿನ ಪದವಿಗಳ ಜಾಗವಾಗಿತ್ತು. 2011ರಿಂದ ಪಿಯುಸಿ ಮುಗಿಸಿದವರಿಗೂ ವಿಜ್ಞಾನದ ನಾಲ್ಕು ವರ್ಷಗಳ ಪದವಿ ಅಲ್ಲಿದೆ. ವರ್ಷಕ್ಕೊಂದು ದಿನ, ಸಾಮಾನ್ಯವಾಗಿ ಫೆಬ್ರುವರಿ ಕೊನೆ ಅಥವಾ ಮಾರ್ಚ್‌ನಲ್ಲಿ, ಪ್ರಯೋಗಾಲಯಗಳನ್ನು ಸಾರ್ವಜನಿಕರಿಗೆ ತೆರೆದಿಡುತ್ತಾರೆ. ಕೊಪ್ಪಳದಲ್ಲಿ ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಿಗ್ಗೆ ಬೆಂಗಳೂರು. ಆದರೆ ಪರೀಕ್ಷೆಗಳೂ ಅದೇ ಆಸುಪಾಸಿನಲ್ಲಿ ಬರುವುದರಿಂದ, ಒಂದು ವರ್ಷ ಮೊದಲೇ ಯೋಚಿಸಿದವರಿಗೆ ಮಾತ್ರ ಇದು ಒದಗುತ್ತದೆ. ಇನ್ನೂ ಹತ್ತಿರದಲ್ಲಿ, ಧಾರವಾಡದಲ್ಲಿ, 2016ರಲ್ಲಿ ಆರಂಭವಾದ ಐಐಟಿ ಇದೆ. ಗಂಗಾವತಿಯವರಿಗಂತೂ ಹೊಳೆ ದಾಟಿದರೆ 1991ರಲ್ಲಿ ಹುಟ್ಟಿದ ಹಂಪಿ ಕನ್ನಡ ವಿಶ್ವವಿದ್ಯಾಲಯ. ಸಂಶೋಧನೆ ಎಂದರೇನು ಎಂಬುದನ್ನು ತಮ್ಮ ಭಾಷೆಯಲ್ಲೇ ಕೇಳಿ ತಿಳಿಯಬಹುದಾದ ಜಾಗ ಅದು.

ಹೋದವರು ಕಟ್ಟಡಕ್ಕೆ ಬೆರಗಾಗಿ ಫೋಟೊ ತೆಗೆಸಿಕೊಂಡು ಬಂದರೆ ಅದು ಪ್ರವಾಸವಾದೀತು. ಗ್ರಂಥಾಲಯ ರಾತ್ರಿ ಎಷ್ಟು ಹೊತ್ತಿನವರೆಗೆ ತೆರೆದಿರುತ್ತದೆ, ಹಾಸ್ಟೆಲ್ ಎಲ್ಲರಿಗೂ ಸಿಗುತ್ತದೆಯೇ, ಶುಲ್ಕದ ಆಚೆ ತಿಂಗಳಿಗೆ ಎಷ್ಟು ಖರ್ಚು, ಕನ್ನಡ ಮಾಧ್ಯಮದಿಂದ ಬಂದವರು ಮೊದಲ ಆರು ತಿಂಗಳು ಹೇಗೆ ದಾಟಿದರು ಎಂದು ಕೇಳಬೇಕು. ಕೊನೆಯ ಪ್ರಶ್ನೆಗೆ ಉತ್ತರ ಯಾವ ಕೈಪಿಡಿಯಲ್ಲೂ ಇರುವುದಿಲ್ಲ. ಅಲ್ಲಿ ಓದುತ್ತಿರುವ ನಮ್ಮೂರಿನ ಹುಡುಗನೊಬ್ಬನೇ ಹೇಳಬೇಕು. ನೋಡಿ ಬಂದ ಮೇಲೆ ‘ಇದು ನನಗೆ ಬೇಡ’ ಎನಿಸಿದರೆ ಅದೂ ಲಾಭವೇ.

ಕೂಲಿ ಬಿಟ್ಟು ಮಗಳನ್ನು ಬೆಂಗಳೂರಿಗೆ ಕರೆದೊಯ್ಯಿರಿ ಎಂದು ಹೇಳುವುದು ಸುಲಭ. ಎರಡು ದಿನದ ದುಡಿಮೆ, ಇಬ್ಬರ ರೈಲು ಚಾರ್ಜು ಅನೇಕ ಮನೆಗಳಿಗೆ ಭಾರ. ಆದ್ದರಿಂದ ಈ ಕೆಲಸ ಮನೆಯವರಿಗಿಂತ ಕಾಲೇಜಿನದು. ವರ್ಷಕ್ಕೊಮ್ಮೆ ಪ್ರವಾಸದ ಬಸ್ಸು ಹೇಗೂ ಹೊರಡುತ್ತದೆ. ಜಲಾಶಯ, ಅರಮನೆಗಳ ನಡುವೆ ಅರ್ಧ ದಿನ ಒಂದು ವಿಶ್ವವಿದ್ಯಾಲಯದ ಮುಂದೆ ಆ ಬಸ್ಸು ನಿಂತರೆ ಹೆಚ್ಚಿನ ಖರ್ಚೇನೂ ಆಗದು. ಮರಳಿ ಬರುವ ನಲವತ್ತು ಮಕ್ಕಳಲ್ಲಿ ಒಬ್ಬಿಬ್ಬರಾದರೂ ಆಪ್ಷನ್ ಹಾಕುವ ದಿನ ತಾವು ಕಂಡ ಜಾಗದ ಹೆಸರನ್ನು ಅಳುಕದೆ ಬರೆಯುತ್ತಾರೆ.