ಗಣಕಯಂತ್ರದ ಒಡಲು: ಒಂದೋ, ಎರಡೋ?

ಗಣಕಯಂತ್ರವನ್ನು ಕೊಳ್ಳಲೆಂದು ಅಂಗಡಿಗೆ ಹೋದ ವಿದ್ಯಾರ್ಥಿಯ ಎದುರಿಗೆ ಎರಡು ಆಕಾರಗಳು ನಿಲ್ಲುತ್ತವೆ. ಒಂದರಲ್ಲಿ ಪರದೆಯ ಬೆನ್ನಿಗೇ ಯಂತ್ರದ ಅಂಗಾಂಗಗಳೆಲ್ಲ ಅಡಕವಾಗಿರುತ್ತವೆ. ಇದಕ್ಕೆ ಆಲ್-ಇನ್-ಒನ್ ಎಂದು ಹೆಸರು. ಇನ್ನೊಂದರಲ್ಲಿ ಪರದೆ ಬೇರೆ, ಟವರ್ ಎಂಬ ನಿಡಿದಾದ ಪೆಟ್ಟಿಗೆ ಬೇರೆ. ಮೊದಲನೆಯದು ನೋಟಕ್ಕೆ ಅಂದವಾದುದು. ಎರಡನೆಯದಕ್ಕೆ ತಂತಿಗಳ ತೊಡಕು ಹೆಚ್ಚು. ಆದರೆ ತಂದೆತಾಯಿಗಳು ಕೂಡಿಟ್ಟ ಹಣವನ್ನು ನೋಟವೊಂದನ್ನೇ ನಂಬಿ ತೆರಬಹುದೆ? ಈ ಆಕಾರಗಳ ಹಿಂದಿರುವ ತತ್ತ್ವವನ್ನು ಮೊದಲು ವಿಚಾರಿಸೋಣ.

ಈ ಭೇದ ಹೊಸದಲ್ಲ. ೧೯೮೧ರಲ್ಲಿ ಐ.ಬಿ.ಎಂ. ಸಂಸ್ಥೆ ಹೊರತಂದ ಪರ್ಸನಲ್ ಕಂಪ್ಯೂಟರಿನಲ್ಲಿ ಪರದೆ ಬೇರೆಯಾಗಿತ್ತು; ಪೆಟ್ಟಿಗೆಯೊಳಗೆ ಹೊಸ ಫಲಕಗಳನ್ನು ಸಿಕ್ಕಿಸಲು ೫ ಕಂಡಿಗಳಿದ್ದವು. ೧೯೮೪ರಲ್ಲಿ ಆಪಲ್ ಸಂಸ್ಥೆಯ ಮ್ಯಾಕಿಂಟಾಷ್ ೯ ಅಂಗುಲದ ಪರದೆಯನ್ನೂ ಯಂತ್ರವನ್ನೂ ಒಂದೇ ಒಡಲಿನಲ್ಲಿ ಕೂಡಿಸಿತು. ಅದರ ಸ್ಮರಣೆ ೧೨೮ ಕಿಲೋಬೈಟ್ ಮಾತ್ರ. ಹೆಚ್ಚಿನ ಸ್ಮರಣೆಯನ್ನು ಸೇರಿಸಲು ಕಂಡಿಯಿರಲಿಲ್ಲ. ಅದೇ ವರ್ಷ ೫೧೨ ಕಿಲೋಬೈಟಿನ ಮಾದರಿಯನ್ನು ಆ ಸಂಸ್ಥೆಯೇ ಹೊರತಂದಿತು.

ಎರಡು ಒಡಲುಗಳ ನಿಜವಾದ ಭೇದವಿರುವುದು ಉಷ್ಣದಲ್ಲಿ. ಯಂತ್ರದ ಮೆದುಳೆನ್ನಬಹುದಾದ ಪ್ರೊಸೆಸರಿನೊಳಗೆ ಕೋಟ್ಯಂತರ ಟ್ರಾನ್ಸಿಸ್ಟರುಗಳು ಎಡೆಬಿಡದೆ ತೆರೆದು ಮುಚ್ಚುತ್ತಿರುತ್ತವೆ. ಅವು ಹೀರಿದ ವಿದ್ಯುಚ್ಛಕ್ತಿಯೆಲ್ಲ ಕಟ್ಟಕಡೆಗೆ ಉಷ್ಣವಾಗಿಯೇ ಹೊರಬೀಳಬೇಕು. ಟವರಿನ ಸಾಮಾನ್ಯ ಪ್ರೊಸೆಸರಿಗೆ ೬೫ ವಾಟ್ ಎಂದಿಟ್ಟುಕೊಳ್ಳೋಣ. ೬೦ ವಾಟಿನ ಹಳೆಯ ತಂತುದೀಪವನ್ನು ಮುಟ್ಟಿ ಬೆರಳು ಸುಟ್ಟುಕೊಂಡವರು ಇದರ ಬಿಸಿಯನ್ನು ಊಹಿಸಬಲ್ಲರು. ಇಲ್ಲಿ ಅಷ್ಟು ಉಷ್ಣವೂ ಅಂಚೆಚೀಟಿಯಷ್ಟು ಜಾಗದಿಂದ ಹೊರಡುತ್ತದೆ!

ಇದನ್ನು ಒಯ್ಯುವುದು ಗಾಳಿ. ಒಂದೇ ರೂಪದ ಬೀಸಣಿಗೆಗಳು ದೂಡುವ ಗಾಳಿಯ ಪ್ರಮಾಣ ಅವುಗಳ ವೇಗವನ್ನೂ ವ್ಯಾಸದ ಘನವನ್ನೂ ಅನುಸರಿಸುತ್ತದೆ. ಟವರಿನಲ್ಲಿ ೧೨೦ ಮಿಲಿಮೀಟರಿನ ಬೀಸಣಿಗೆಗೆ ಸ್ಥಳವುಂಟು. ಅದೇ ರೂಪದ ೬೦ ಮಿಲಿಮೀಟರಿನ ಬೀಸಣಿಗೆ ಅಷ್ಟೇ ಗಾಳಿಯನ್ನು ದೂಡಬೇಕಾದರೆ ೮ ಪಟ್ಟು ವೇಗವಾಗಿ ತಿರುಗಬೇಕು. ಆಗ ಸದ್ದೂ ಹೆಚ್ಚುವುದು. ಆದುದರಿಂದ ತೆಳುವಾದ ಒಡಲಿನೊಳಗೆ ಅನೇಕ ವೇಳೆ ಕಡಿಮೆ ವಾಟಿನ ಪ್ರೊಸೆಸರನ್ನೇ ಇಡುತ್ತಾರೆ. ಬಿಸಿ ಮಿತಿಮೀರಿದರೆ ಪ್ರೊಸೆಸರು ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ.

ಎರಡನೆಯ ಭೇದ ಅಳತೆಗಳದು. ೧೯೯೫ರಲ್ಲಿ ಇಂಟೆಲ್ ಸಂಸ್ಥೆ ಎ.ಟಿ.ಎಕ್ಸ್. ಎಂಬ ಮಾನವನ್ನು ಪ್ರಕಟಿಸಿತು. ಮುಖ್ಯ ಫಲಕ ೩೦೫ ಮಿಲಿಮೀಟರ್ ಉದ್ದ, ೨೪೪ ಮಿಲಿಮೀಟರ್ ಅಗಲ. ತಿರುಪಿನ ರಂಧ್ರಗಳ ಸ್ಥಾನವೂ ಗೊತ್ತಾದುದು. ಈ ಮಾನವನ್ನು ಅನುಸರಿಸಿದ ಪೆಟ್ಟಿಗೆಗೆ ಒಬ್ಬರ ಫಲಕವೂ ಒಗ್ಗುತ್ತದೆ, ಇನ್ನೊಬ್ಬರದೂ ಒಗ್ಗುತ್ತದೆ. ಆಲ್-ಇನ್-ಒನ್ನುಗಳಲ್ಲಾದರೋ ಮಾದರಿಗೊಂದು ಆಕಾರ. ಒಳ್ಳೆಯ ಪರದೆ ಎರಡು ಪ್ರೊಸೆಸರುಗಳ ಕಾಲವನ್ನು ಕಾಣಬಲ್ಲುದು. ಆದರೆ ಒಂದೇ ಒಡಲಿನಲ್ಲಿ ಪರದೆ ಒಡೆದರೆ ಇಡೀ ಯಂತ್ರವೇ ದುರಸ್ತಿಗೆ ಹೋಗಬೇಕು.

ಹಾಗಾದರೆ ಒಂದೇ ಒಡಲಿಗೆ ಗುಣವೇ ಇಲ್ಲವೆ? ಉಂಟು. ಸ್ಥಳ ಕಡಿಮೆ ಸಾಕು, ತಂತಿಗಳು ಕಡಿಮೆ. ಹೀರುವ ವಿದ್ಯುತ್ತು ಕಡಿಮೆಯಾದಷ್ಟೂ, ಕರೆಂಟು ಹೋದಾಗ ಯು.ಪಿ.ಎಸ್. ಹೆಚ್ಚು ಹೊತ್ತು ನಡೆಸುತ್ತದೆ. ಸಾಮೀಪ್ಯಕ್ಕೂ ಬೆಲೆಯುಂಟು: ಒಂದು ನ್ಯಾನೋಸೆಕೆಂಡಿನಲ್ಲಿ ಬೆಳಕೇ ೩೦ ಸೆಂಟಿಮೀಟರ್ ಮಾತ್ರ ಸಾಗುತ್ತದೆ. ೨೦೨೧ರ ಐಮ್ಯಾಕಿನಲ್ಲಿ ಸ್ಮರಣೆಯನ್ನು ಪ್ರೊಸೆಸರಿನ ಮಗ್ಗುಲಲ್ಲೇ ಕೂರಿಸಿ, ಒಡಲನ್ನು ೧೧.೫ ಮಿಲಿಮೀಟರಿನಷ್ಟು ತೆಳುಮಾಡಿದರು. ಇದಕ್ಕೆ ತೆತ್ತ ಬೆಲೆಯೇನು? ಕೊಂಡ ಮೇಲೆ ಸ್ಮರಣೆಯನ್ನು ಹೆಚ್ಚಿಸುವಂತಿಲ್ಲ. ವಿದ್ಯುತ್ತನ್ನು ಒದಗಿಸುವ ಅಡಾಪ್ಟರು ಒಡಲಿನಿಂದ ಹೊರಗೆ ನೆಲಕ್ಕಿಳಿಯಿತು.

ಓದು, ಬರಹ, ಲೆಕ್ಕಪತ್ರಗಳಿಗೆ ಒಂದೇ ಒಡಲಿನ ಯಂತ್ರ ಸಾಲುತ್ತದೆ. ಚಲಚ್ಚಿತ್ರಗಳ ಸಂಕಲನ, ಎಂಜಿನಿಯರಿಂಗ್ ನಕ್ಷೆ, ದೀರ್ಘ ಗಣನೆಗಳಿಗೆ ಟವರೇ ಮೇಲು; ಯಂತ್ರವನ್ನು ಬಿಚ್ಚಿ ಕಲಿಯಬಯಸುವವನಿಗೂ ಅದೇ ಗುರು. ಒಂದೇ ಒಡಲಿನದನ್ನೇ ಮೆಚ್ಚಿದವರು ಹಣ ಕೊಡುವ ಮುನ್ನ ಮೂರು ಪ್ರಶ್ನೆಗಳನ್ನು ಕೇಳಲಿ: ಸ್ಮರಣೆಯನ್ನು ಹೆಚ್ಚಿಸಬಹುದೆ? ಡಿಸ್ಕನ್ನು ಬದಲಿಸಬಹುದೆ? ಒಳಗಿನ ಯಂತ್ರ ಹಳತಾದ ಮೇಲೆ ಅದರ ಪರದೆಗೆ ಬೇರೊಂದು ಯಂತ್ರವನ್ನು ಜೋಡಿಸಬಹುದೆ? ಮೂರಕ್ಕೂ ಇಲ್ಲವೆಂದೇ ಉತ್ತರ ಬಂದರೆ, ಆ ಯಂತ್ರದ ಎಲ್ಲ ಅಂಗಗಳೂ ಒಂದೇ ದಿನ ಮುದಿಯಾಗುವುವೆಂದು ತಿಳಿದೇ ನಾವು ಬೆಲೆಯನ್ನು ತೂಗಿ ನೋಡಬೇಕು.