ಚೀಲದೊಳಗಿನ ಎರಡು ಫೈಲು

ಬೆಳಗಿನ ಲೋಕಲ್ ಡೊಂಬಿವಲಿಗೆ ಬಂದು ನಿಂತಾಗ ಲೇಡೀಸ್ ಡಬ್ಬಿಯಲ್ಲಿ ಕಾಲೂರಲು ಜಾಗವಿರುವುದಿಲ್ಲ. ಇನ್ನೊಂದು ಚಿಕ್ಕ ಡಬ್ಬಿ ಅಂಗವಿಕಲರಿಗೆ ಮೀಸಲು. ಕ್ಯಾನ್ಸರ್ ರೋಗಿಗಳೂ ಬಸುರಿಯರೂ ಅದನ್ನು ಹತ್ತಬಹುದು. ಎರಡೂ ಕಾರಣ ಕೂಡಿಬಂದ ಒಬ್ಬಳನ್ನು ನೆನೆಯಿರಿ. ಐದು ತಿಂಗಳ ಹೊಟ್ಟೆ, ಸೆರಗಿನಡಿ ಹಳೆಯ ಹೊಲಿಗೆಯ ಗೆರೆ, ಮಡಿಲಲ್ಲಿ ಬಟ್ಟೆಚೀಲ, ಅದರಲ್ಲಿ ಎರಡು ಫೈಲು. ಒಂದು ಕಲ್ಯಾಣದ ಹೆರಿಗೆ ಡಾಕ್ಟರದು, ಇನ್ನೊಂದು ಖಾರ್ಘರ್‌ನ ಟಾಟಾ ಕ್ಯಾನ್ಸರ್ ಕೇಂದ್ರದ್ದು.

ಯುವತಿಯರಲ್ಲೇ ಹೆಚ್ಚಾಗಿ ಕಾಣುವ ಮೇದೋಜೀರಕ ಗ್ರಂಥಿಯ ಗಡ್ಡೆಯೊಂದಿದೆ, ಅವಳಿಗಿದ್ದದ್ದೂ ಅದೇ. ಪೂರ್ತಿ ತೆಗೆದರೆ ಬಹುಪಾಲು ಗುಣವಾಗುತ್ತದೆ. ಅದು ಗ್ರಂಥಿಯ ತಲೆಭಾಗದಲ್ಲಿದ್ದರೆ, ಅವಳಿಗೆ ಆದಂತೆ, ವಿಪಲ್ ಆಪರೇಷನ್. 1935ರಲ್ಲಿ ನ್ಯೂಯಾರ್ಕಿನ ಅಲನ್ ವಿಪಲ್ ವಿವರಿಸಿದ ಈ ಶಸ್ತ್ರಕ್ರಿಯೆಯಲ್ಲಿ ಗ್ರಂಥಿಯ ತಲೆಯೊಂದಿಗೆ ಸಣ್ಣಕರುಳಿನ ಮೊದಲ ತುಂಡು, ಪಿತ್ತಕೋಶ, ಪಿತ್ತನಾಳದ ಭಾಗ ಹೋಗುತ್ತವೆ. ಉಳಿದದ್ದನ್ನು ಕರುಳಿಗೆ ಹೊಲಿಯುತ್ತಾರೆ. ಆಮೇಲೂ ತಾಯಿಯಾಗಬಹುದು, ತಾಯಿಯಾದವರಿದ್ದಾರೆ. ಆದರೆ ಬಸುರಾಗುವ ಮುಂಚೆಯೇ ಸರ್ಜನ್ನರನ್ನು ಕೇಳಬೇಕು.

ಅವಳ ಮನೆಯಲ್ಲಿ ಕುಬಸದ ಸಡಗರ, ಎಲೆಯ ಮೇಲೆ ಬಿಸಿ ಹೋಳಿಗೆ.

"ಇನ್ನೊಂದೀಟು ತುಪ್ಪ ಹಾಕ್ಕೊ ಯವ್ವಾ, ಕೂಸಿಗೆ ಬೇಕು."

"ಹಾಕ್ರಿ ಅತ್ತಿ, ಮೊದ್ಲ ನನ್ನ ಗುಳಿಗಿ ಕೊಡ್ರಿ."

ಆ ಗುಳಿಗೆ ಗ್ರಂಥಿ ಸುರಿಸಬೇಕಿದ್ದ ಜೀರ್ಣರಸದ್ದು. ಮೊದಲ ತುತ್ತಿನೊಂದಿಗೆ ನುಂಗದಿದ್ದರೆ ತುಪ್ಪ ಮೈಗೆ ಹತ್ತದೆ ಜಿಡ್ಡುಜಿಡ್ಡಾಗಿ ಹೊರಹೋಗುತ್ತದೆ. ಜೊತೆಗೆ ಎ, ಡಿ, ಇ, ಕೆ ಜೀವಸತ್ವಗಳೂ. ಹಾಗಂತ 'ಎ' ಮಾತ್ರೆಯನ್ನು ತಾವೇ ಕೊಂಡು ನುಂಗಬಾರದು, ಅತಿಯಾದರೆ ಮಗುವಿಗೆ ಅಪಾಯ. ಕಬ್ಬಿಣಾಂಶವನ್ನು ಹೆಚ್ಚಾಗಿ ಹೀರುತ್ತಿದ್ದ ಕರುಳಿನ ಆ ತುಂಡೇ ಇಲ್ಲದ ಮೇಲೆ ಮಾತ್ರೆ ಸಾಲದೆ ರಕ್ತನಾಳಕ್ಕೇ ಕೊಡಬೇಕಾಗಬಹುದು.

ಕಲ್ಯಾಣದಲ್ಲಿ ಸಕ್ಕರೆಕಾಯಿಲೆಯ ಪರೀಕ್ಷೆಗೆಂದು ಎಲ್ಲ ಬಸುರಿಯರಿಗೂ 75 ಗ್ರಾಂ ಗ್ಲೂಕೋಸ್ ಕುಡಿಸುತ್ತಾರೆ. ಜಠರದ ದಾರಿ ಬದಲಾದವಳಿಗೆ ಅದರಿಂದ ಬೆವರು, ತಲೆಸುತ್ತು ಬರಬಹುದು, ಫಲಿತಾಂಶವೂ ದಾರಿ ತಪ್ಪಿಸೀತು. ಮನೆಯಲ್ಲೇ ಬೆರಳು ಚುಚ್ಚಿ ಸಕ್ಕರೆ ನೋಡುವುದು ಅವಳಿಗೆ ಮೇಲು. ಅವಳಿಗೆ ಆ ಆಪರೇಷನ್ ಆಗಿದೆಯೆಂದು ಹೆರಿಗೆ ಡಾಕ್ಟರಿಗೆ ತಿಳಿಯುವುದು ಖಾರ್ಘರ್‌ನ ಫೈಲು ಬಿಚ್ಚಿದರೆ ಮಾತ್ರ. ಅದರಲ್ಲಿನ ಡಿಸ್ಚಾರ್ಜ್ ಕಾಗದವನ್ನು ಮೊದಲ ಭೇಟಿಯಲ್ಲೇ ಮೇಜಿನ ಮೇಲಿಡಿ ಎಂದು ಪ್ರತಿ ಮನೆಗೂ ಹೋಗಿ ಹೇಳಬೇಕೆನಿಸುತ್ತದೆ ನನಗೆ.

ಆ ಬೆಳಗಿನ ಲೋಕಲ್‌ನಿಂದ ಅವಳು ಠಾಣೆಯಲ್ಲಿ ಇಳಿದು, ಸೇತುವೆ ಹತ್ತಿ, ಪನ್ವೇಲ್ ಗಾಡಿ ಹಿಡಿಯುತ್ತಾಳೆ. ಐರೋಲಿ, ಘನ್ಸೋಲಿ, ತುರ್ಭೆ. ಖಾರ್ಘರ್‌ನಲ್ಲಿ ಈ ಸಲ ಸಿಟಿ ಸ್ಕ್ಯಾನ್ ಬೇಡ. ಹೊಟ್ಟೆಯಲ್ಲಿ ಮಗುವಿದೆ, ಅಲ್ಟ್ರಾಸೌಂಡ್, ಬೇಕಾದರೆ ಬಣ್ಣದ ಚುಚ್ಚುಮದ್ದಿಲ್ಲದ ಎಂಆರ್‌ಐ. ಹೊರಡುವಾಗ ಜೊತೆಗಿದ್ದ ಗಂಡನಿಗೂ ಕೇಳಿಸುವಂತೆ ನರ್ಸಮ್ಮ ಹೇಳುತ್ತಾರೆ: ಚಳಿ ನಡುಗಿ ಜ್ವರ ಬಂದು ಕಣ್ಣು ಹಳದಿಯಾದರೆ ಅದು ಪಿತ್ತನಾಳದ ಸೋಂಕಿರಬಹುದು, ಮುಂದಿನ ತಾರೀಖಿಗೆ ಕಾಯಬೇಡಿ, ಅದೇ ರಾತ್ರಿ ಆಸ್ಪತ್ರೆಗೆ ಹೊರಡಿ.